ಭಾವನ ಗುಡ್ಡೆಯ ಕಾಡು ತೆಗೆಯುವ ವಿಷಯ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡಲು ಹೊರಟರೆ ಮುಗಿಯುವ ವಿಷಯ ಅಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆದರೆ ಬೈಯಬೇಡಿ, ಅಡುಗೆ ಮಾಡುತ್ತಾ ಕೇಳಿ.

ಭಾವ ನಿನ್ನೆ ಕೇಳಿದ್ದು ಇಷ್ಟೇ. ತೋಟದ ಮೇಲಿನ ಗುಡ್ಡೆಯಲ್ಲಿ ಕಾಡು ಬೆಳೆದಿದೆ, ಆಳು ಸಿಗುವುದಿಲ್ಲ, ಕಳೆನಾಶಕ ಹೊಡೆಸಿಬಿಡೋಣವಾ ಅಂತ. ಅತ್ತಿಗೆ ‘ಬೇಡಪ್ಪಾ, ಎಂಡೋಸಲ್ಫಾನ್ ನೆನಪಿಲ್ವಾ’ ಅಂದರು, ನಮ್ಮ ಕಾಸರಗೋಡಿನ ಗೇರು ತೋಟಗಳಿಗೆ ಹೊಡೆದ ಆ ಕೀಟನಾಶಕ. ಅದಕ್ಕೆ ಬೆಂಗಳೂರಿನ ನಮ್ಮ ಹುಡುಗ, ‘ಅದು ಹಳೇ ಕಥೆ, ಕಾರ್ಪೊರೇಶನ್‌ನವರು ಮಾಡಿದ್ದು, ನಮಗೂ ಅದಕ್ಕೂ ಏನು ಸಂಬಂಧ’ ಅಂತ ಬರೆದ. ಜತೆಗೆ ನಗುವ ಮುಖ ಬೇರೆ.

ಕಳೆನಾಶಕ ಬೇರೆ, ಎಂಡೋಸಲ್ಫಾನ್ ಬೇರೆ. ಒಪ್ಪಿದೆ ಮಾರಾಯ. ಸಂಬಂಧ ಇಲ್ಲ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ.

ಅದು ಶುರುವಾದದ್ದು ಹೇಗೆ ಅಂತ ನೋಡು. ಪ್ಲಾಂಟೇಶನ್ ಕಾರ್ಪೊರೇಶನ್ ಅಂದರೆ ಕೇರಳ ಸರಕಾರದ್ದೇ ಸಂಸ್ಥೆ. ನಮ್ಮ ಗುಡ್ಡೆಗಳಲ್ಲಿ ಅವರ ಗೇರು ತೋಟ. ಗೇರು ಚಿಗುರಿ ಹೂ ಬಿಡುವ ಹೊತ್ತಿಗೆ ಟೀ ಸೊಳ್ಳೆ ಬರುತ್ತದೆ. ಹೆಸರಷ್ಟೇ ಸೊಳ್ಳೆ, ನಿಜಕ್ಕೂ ಅದು ತಿಗಣೆ ಜಾತಿ. ಅದು ರಸ ಹೀರಿದರೆ ಚಿಗುರು, ಹೂವು ಎಲ್ಲ ಕರಟಿ ಹೋಗುತ್ತದೆ. ಸಾವಿರಾರು ಹೆಕ್ಟೇರಿಗೆ ಆಳು ಇಟ್ಟು ಪಂಪು ಹೊಡೆಸುವುದು ಯಾವಾಗ ಮುಗಿಯಬೇಕು? ಹೆಲಿಕಾಪ್ಟರ್ ತಂದರು. 1970ರ ದಶಕದ ಕೊನೆಯಿಂದ 2000ದವರೆಗೆ ಮೇಲಿನಿಂದಲೇ ಮದ್ದು ಬಿಟ್ಟರು. ಮಕ್ಕಳಿಗೆ ವಿಷ ಹಾಕೋಣ ಅಂತ ಯಾರೂ ಹೊರಟವರಲ್ಲ. ಕೆಲಸ ಬೇಗ ಮುಗಿಯಲಿ, ಖರ್ಚು ಉಳಿಯಲಿ, ಅಷ್ಟೇ. ಭಾವ ಹೇಳುವುದೂ ಅದನ್ನೇ ಅಲ್ವಾ?

ಹಾರುವಾಗ ಮರದ ನೆತ್ತಿಗಿಂತ ಜಾಸ್ತಿ ಮೇಲೆ ಹೋಗಬಾರದು, ಕೆರೆ ಬಾವಿ ಮುಚ್ಚಿರಬೇಕು ಅಂತೆಲ್ಲ ನಿಯಮ ಇತ್ತು. ನಮ್ಮ ಏರುತಗ್ಗಿನ ಊರಲ್ಲಿ ಅದು ಸಾಧ್ಯವಾ? ಮೇಲೆ ಗೇರು, ಕೆಳಗೆ ಮನೆ, ಅಡಿಕೆ ತೋಟ. ಬಾವಿಗೆ ಬೇಕಾದರೆ ಮಡಲು ಮುಚ್ಚಬಹುದು, ಸುರಂಗಕ್ಕೆ ಏನು ಮುಚ್ಚುತ್ತೀರಿ? ಬೆಂಗಳೂರಲ್ಲಿ ಹುಟ್ಟಿದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಸುರಂಗ ಅಂದರೆ ಗುಡ್ಡೆಯ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ದಾರಿ, ಒಬ್ಬ ಆಳು ಬಗ್ಗಿ ಹೋಗುವಷ್ಟು. ಒಳಗೆ ಗೋಡೆಯಿಂದ ನೀರು ಜಿನುಗಿ ನೆಲದಲ್ಲಿ ಹರಿದು ಹೊರಗಿನ ಟಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಗುಡ್ಡೆ ಕುಡಿದ ಮಳೆಯೇ ಅದು. ಅಂದರೆ ಮೇಲೆ ಏನು ಚೆಲ್ಲಿದರೂ ಕೆಳಗಿನ ಮನೆಯವರ ಪಾಲಿಗೆ ಬರಬಹುದು. ಎಂಡೋಸಲ್ಫಾನ್ ಸುಮ್ನೆ ಆವಿಯಾಗಿ ಹೋಗುವಂಥದ್ದೂ ಅಲ್ಲ. ಮಣ್ಣಿಗೆ ಅಂಟಿಕೊಳ್ಳುತ್ತದೆ. ಒಡೆದರೂ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಉಳಿಯುತ್ತದೆ, ಅದೂ ವಿಷವೇ.

ಮೊದಲು ಗೊತ್ತಾದದ್ದು ದನಕರುಗಳಲ್ಲಿ. ಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ನಮ್ಮ ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಶುರುವಿನಲ್ಲೇ ಬರೆದಿದ್ದರು. ಆಮೇಲೆ ವಾಣಿನಗರದ ಡಾಕ್ಟರ್ ಮೋಹನ ಕುಮಾರ್ ತಮ್ಮ ಹತ್ತಿರ ಬರುವ ರೋಗಿಗಳನ್ನು ನೋಡಿ, ಇಷ್ಟು ಸಣ್ಣ ಊರಲ್ಲಿ ಇಷ್ಟೆಲ್ಲ ಕಾಯಿಲೆ ಯಾಕೆ ಅಂತ ಕೇಳಲು ಶುರು ಮಾಡಿದರು. ಅಪಸ್ಮಾರ, ಬುದ್ಧಿ ಬೆಳೆಯದ ಮಕ್ಕಳು, ತಲೆ ದೊಡ್ಡದಾದ ಮಕ್ಕಳು. ಊರಿನವರು ದೈವದ ಮುನಿಸು ಅಂತ ಕೈಮುಗಿದು ಕೂತಿದ್ದರು ಪಾಪ. ಅತ್ತ ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದವರು, ಕೋರ್ಟಿಗೆ ಹೋಗಿ 1998ರಲ್ಲಿ ಮದ್ದು ಹೊಡೆಯುವುದಕ್ಕೆ ತಡೆ ತಂದರು. ಆಮೇಲೆ ಸಮಿತಿ ಮೇಲೆ ಸಮಿತಿ. ಸಂಬಂಧ ಸಾಬೀತಾಗಿಲ್ಲ ಅಂದವರೂ ಇದ್ದಾರೆ. ಅಹಮದಾಬಾದಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಮದ್ದು ಬಿದ್ದ ಪಡ್ರೆ ಊರಿನ ಮಕ್ಕಳನ್ನು, ಮದ್ದು ಬೀಳದ ಮೀಂಜ ಊರಿನ ಮಕ್ಕಳ ಜತೆ ಹೋಲಿಸಿ ನೋಡಿದರು. ಪಡ್ರೆಯಲ್ಲಿ ತೊಂದರೆ ಜಾಸ್ತಿ, ಎಂಡೋಸಲ್ಫಾನೇ ಕಾರಣ ಇರಬಹುದು ಅಂತ 2002ರಲ್ಲಿ ವರದಿ ಕೊಟ್ಟರು.

ಇಡೀ ದೇಶದಲ್ಲಿ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ 3 ತಿಂಗಳೊಳಗೆ ಕೊಡಿ ಅಂತ ಅದೇ ಕೋರ್ಟು ಹೇಳಿತು. 2022ರಲ್ಲಿ, ಇನ್ನೂ ಯಾಕೆ ಕೊಟ್ಟಿಲ್ಲ ಅಂತ ಸರಕಾರಕ್ಕೆ ಪುನಃ ಗದರಿಸಬೇಕಾಯಿತು. ಇದಾ ಹಳೇ ಕಥೆ?

ದೊಡ್ಡಮ್ಮನ ಪಕ್ಕದ ಮನೆಯ ಹುಡುಗಿಯನ್ನು ನೀನೂ ನೋಡಿದ್ದೀ. ವಯಸ್ಸು ಮೂವತ್ತು ದಾಟಿತು. ಈಗಲೂ ಗಂಜಿ ನುಣ್ಣಗೆ ಕಲಸಿ ಬಾಯಿಗಿಡಬೇಕು, ಬಗಲಿಗೆ ಕೈ ಕೊಟ್ಟು ಎತ್ತಿ ಮೀಸಬೇಕು. ಎತ್ತುವ ಅಮ್ಮನಿಗೆ ಎಪ್ಪತ್ತಾಯಿತು, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡೇ ಎತ್ತುತ್ತಾರೆ. ದುಡ್ಡಿನ ಮಾತು ಅವರು ಎತ್ತುವುದೇ ಇಲ್ಲ. ನನ್ನ ನಂತರ ಇವಳನ್ನು ಯಾರು ನೋಡುತ್ತಾರೆ, ಅದೊಂದೇ ಚಿಂತೆ. ‘ಕಾರ್ಪೊರೇಶನ್‌ನವರು’ ಅಂದೆಯಲ್ಲ, ಅದರೊಳಗೆ ಇದ್ದವರು ಯಾರು? ಸಹಿ ಹಾಕಿದವರು, ಮದ್ದು ಕಲಸಿದವರು, ದೂರು ಬಂದರೂ ಫೈಲು ಮುಚ್ಚಿಟ್ಟವರು. ಎಲ್ಲರೂ ನಮ್ಮ ನಿಮ್ಮಂಥ ಸಂಬಳದ ಜನ.

ಈಗ ಭಾವನ ವಿಷಯ. ನಮ್ಮ ಗುಡ್ಡೆಯ ಬುಡದಲ್ಲಿ ನಮ್ಮ ಸುರಂಗ ಒಂದೇ ಅಲ್ಲ, ಕೆಳಗಿನ ಮೂರು ಮನೆಯವರದ್ದೂ ಉಂಟು. ಅವರನ್ನು ಕೇಳಿದ್ದೀರಾ? ನನ್ನ ಪ್ರಕಾರ ಔಷಧಿ ಬೇಡ. ಕಾಡು ಕೊಚ್ಚುವ ಮಿಷನ್ ಇರುವ ಇಬ್ಬರು ಬದಿಯಡ್ಕದಲ್ಲಿದ್ದಾರೆ, ನಾಳೆ ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ. ಕೂಲಿ ಜಾಸ್ತಿ ಆದರೆ ಭಾವನೊಬ್ಬನ ಮೇಲೆ ಹಾಕುವುದು ಬೇಡ, ಎಲ್ಲರೂ ಹಂಚಿಕೊಳ್ಳೋಣ. ಬೆಂಗಳೂರಿನವನ ಪಾಲು ಡಬಲ್, ನಕ್ಕಿದ್ದಕ್ಕೆ.