ಪಂಚಾಶತ್ತಮ ಹಬ್ಬದಲ್ಲಿ ಸುಗ್ಗಿಗೆ ಇನ್ನೂ ಜಾಗ ಇದೆಯಾ?

ಬೀದರ್ ಓದುಗ:
ಎಲ್ಲರಿಗೂ ಸ್ತೋತ್ರ. ಹೋದ ಭಾನುವಾರ ನಮ್ಮ ಸಭೆಯಲ್ಲಿ ಪಂಚಾಶತ್ತಮ ಹಬ್ಬದ ಪ್ರಸಂಗ ಇತ್ತು, ಅಂದರೆ ಈಸ್ಟರ್‌ನಿಂದ ಎಣಿಸಿ 50ನೇ ದಿನ ಪವಿತ್ರಾತ್ಮ ಇಳಿದು ಬಂದದ್ದನ್ನು ನೆನೆಯುವ ಹಬ್ಬ (ಪೆಂತೆಕೊಸ್ತ್). ಅಯ್ಯನವರು ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ ಓದಿದರು. ಆ ದಿನ ಯೆಹೂದ್ಯರಿಗೆ ಗೋದಿ ಸುಗ್ಗಿಯ ಹಬ್ಬ ಆಗಿತ್ತು, ಆದರೆ ಅದು ಬರೀ ನೆರಳು, ಪವಿತ್ರಾತ್ಮ ಇಳಿದು ಬಂದ ಮೇಲೆ ಆ ನೆರಳಿಂದ ನಮಗೆ ಏನೂ ಆಗಬೇಕಿಲ್ಲ ಅಂದರು. ಅಪೊಸ್ತಲ ಪೌಲ ಹಬ್ಬಗಳನ್ನು ನೆರಳು ಅನ್ನುವ ಕೊಲೊಸ್ಸೆ 2:16-17 ತೋರಿಸಿದರು.

ಮನೆಗೆ ಬಂದು ಯಾಜಕಕಾಂಡ 23 ತೆಗೆದೆ. ಐಗುಪ್ತದ ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ಹೊತ್ತಿಗೆ ಬೆಳೆಯ ಮೊದಲ ಸಿವುಡು ತಂದು ನಿವಾಳಿಸಬೇಕು. ಅಲ್ಲಿಂದ ಏಳು ವಾರ ಎಣಿಸಿ 50ನೇ ದಿನ ಹೊಸ ಗೋದಿಯ ಎರಡು ರೊಟ್ಟಿ ತರಬೇಕು. ಅದೂ ಹುಳಿ ಹಾಕಿ ಸುಟ್ಟ ರೊಟ್ಟಿ! ಪಸ್ಕದಲ್ಲಿ ಮನೆಯೊಳಗೆ ಹುಳಿಹಿಟ್ಟೇ ಇರಬಾರದು ಅಂದ ದೇವರು ಇಲ್ಲಿ ಹುಳಿ ರೊಟ್ಟಿ ಯಾಕೆ ಕೇಳುತ್ತಾರೆ? ಸುಗ್ಗಿಯ ಭಾಗ ನಮಗೆ ನಿಜವಾಗ್ಲೂ ಮುಗಿದು ಹೋಯಿತಾ?

ಹುಬ್ಬಳ್ಳಿ ಬ್ರದರ್:
ನಿಮ್ಮ ಅಯ್ಯನವರು ಸರಿಯಾಗೇ ಹೇಳಿದ್ದಾರೆ ಬ್ರದರ್. ಪಸ್ಕ ಅಂದರೆ ಶಿಲುಬೆ. ಮೊದಲ ಸಿವುಡು ಅಂದರೆ ಪುನರುತ್ಥಾನ. 1 ಕೊರಿಂಥ 15:20ರಲ್ಲಿ ಪೌಲನೇ ಕ್ರಿಸ್ತನನ್ನು ಪ್ರಥಮಫಲ ಅನ್ನುತ್ತಾನೆ. 50ನೇ ದಿನ ಅಂದರೆ ಸಭೆಯ ಹುಟ್ಟು. ಎರಡು ರೊಟ್ಟಿಗಳಲ್ಲಿ ಒಂದು ಯೆಹೂದ್ಯರು, ಇನ್ನೊಂದು ಅನ್ಯಜನರು, ಅಂದರೆ ಯೆಹೂದ್ಯರಲ್ಲದವರು. ಹುಳಿ ಅಂದರೆ ಸಭೆಯಲ್ಲಿ ಇನ್ನೂ ಉಳಿದಿರುವ ಪಾಪ. ಎಲ್ಲವೂ ಕ್ರಿಸ್ತನಲ್ಲಿ ನೆರವೇರಿದೆ. ಒಂದೇ ದಿನ ಮೂರು ಸಾವಿರ ಜನ ದೀಕ್ಷಾಸ್ನಾನ ತಗೊಂಡರಲ್ಲ, ಅದೇ ನಿಜವಾದ ಕೊಯ್ಲು. ಇನ್ನು ಗೋದಿಯ ಲೆಕ್ಕ ನಮಗೆ ಯಾಕೆ?

ಶಿವಮೊಗ್ಗ ಟೀಚರ್:
ನಾನು ಸಂಡೇ ಸ್ಕೂಲ್‌ನಲ್ಲಿ ಈ ಅಧ್ಯಾಯ ಕಲಿಸುತ್ತೇನೆ. ಕ್ರಿಸ್ತನೇ ಪ್ರಥಮಫಲ ಅನ್ನೋದನ್ನು ಒಪ್ಪುತ್ತೇನೆ, ಅದು ಬರೆದಿದೆ. ಆದರೆ ಎರಡು ರೊಟ್ಟಿ ಅಂದರೆ ಯೆಹೂದ್ಯರು, ಅನ್ಯಜನರು ಅಂತ ಎಲ್ಲೂ ಬರೆದಿಲ್ಲ. ಅದು ನಾವು ಆಮೇಲೆ ಸೇರಿಸಿದ್ದು. ಹುಳಿ ಅಂದರೆ ಯಾವಾಗಲೂ ಪಾಪ ಅನ್ನೋದೂ ನಿಲ್ಲಲ್ಲ. ಮತ್ತಾಯ 13:33ರಲ್ಲಿ ಪರಲೋಕ ರಾಜ್ಯವನ್ನೇ ಯೇಸು ಹುಳಿಹಿಟ್ಟಿಗೆ ಹೋಲಿಸಿದ್ದಾರೆ. ಯಾಜಕಕಾಂಡ 7:13ರಲ್ಲಿ ಕೃತಜ್ಞತೆಯ ಯಜ್ಞದ ಜೊತೆಗೂ ಹುಳಿ ರೊಟ್ಟಿ ಬರುತ್ತದೆ. ಅಲ್ಲಿ ಯಾರೂ ಪಾಪದ ಮಾತು ಎತ್ತಲ್ಲ.

23:17ನ್ನು ನಿಧಾನವಾಗಿ ಓದಿ. ಆ ರೊಟ್ಟಿಗಳನ್ನು ನಿಮ್ಮ ನಿಮ್ಮ ಮನೆಗಳಿಂದ ತನ್ನಿ ಅಂತಿದೆ. ಮನೆಯಲ್ಲಿ ದಿನಾ ತಿನ್ನುತ್ತಿದ್ದದ್ದು ಹುಳಿ ರೊಟ್ಟಿಯೇ. ಪಸ್ಕದಲ್ಲಿ ತಿಂದದ್ದು ಓಡಿ ಬಂದವರ ಊಟ, ಹಿಟ್ಟು ಹುಳಿ ಬರೋ ತನಕ ಕಾಯಲು ಹೊತ್ತಿರಲಿಲ್ಲ. 50ನೇ ದಿನದ್ದು ಸ್ವಂತ ನೆಲದಲ್ಲಿ ನೆಲೆ ನಿಂತವರ ಊಟ. ಬಿತ್ತಿ, ಕೊಯ್ದು, ಬೀಸಿ, ನಾದಿ, ಉಬ್ಬೋ ತನಕ ಕಾದು ಸುಟ್ಟ ರೊಟ್ಟಿ. ಹುಳಿ ಇರೋದರಿಂದ ಅದನ್ನು ಬಲಿಪೀಠದ ಮೇಲೆ ಸುಡುವಂತಿಲ್ಲ (2:11-12). ದೇವರ ಮುಂದೆ ನಿವಾಳಿಸಿದ ಮೇಲೆ ಯಾಜಕರ ಪಾಲು. ಅಂದರೆ ದಿನದ ಊಟವೇ ದೇವರ ಸನ್ನಿಧಿಗೆ ಬಂತು. ನನಗೆ ಈ ಹಬ್ಬದಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗೋದು ಇದೇ.

ಇನ್ನೂ ಒಂದು ಇದೆ. 21ನೇ ವಚನಕ್ಕೆ ಹಬ್ಬದ ವಿಧಿ ಮುಗಿಯುತ್ತದೆ. 23ರಿಂದ ಮುಂದಿನ ಹಬ್ಬ ಶುರು. ನಡುವೆ 22ನೇ ವಚನ: ಪೈರು ಕೊಯ್ಯುವಾಗ ಹೊಲದ ಅಂಚುಗಳನ್ನು ಪೂರ್ತಿ ಕೊಯ್ಯಬೇಡಿ, ಹಕ್ಕಲಾಯಬೇಡಿ (ಬಿದ್ದ ತೆನೆ ಆರಿಸಬೇಡಿ), ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ. ಇದೇ ಮಾತು 19ನೇ ಅಧ್ಯಾಯದಲ್ಲಿ ಆಗಲೇ ಬಂದಿದೆ. ಆದರೂ ಹಬ್ಬಗಳ ಪಟ್ಟಿಯ ನಡುವೆ, ಸರಿಯಾಗಿ ಈ ಹಬ್ಬದ ಕೆಳಗೆ ಮತ್ತೆ ಬಂದಿದೆ. ನೆರಳು ಅಂತ ದಾಟಿ ಹೋಗುವವರು ಇದನ್ನೂ ದಾಟಿ ಹೋಗುತ್ತಾರೆ.

ನೆತನ್ಯಾ ಮಂಗಳೂರು:
ನಾನು ಮಂಗಳೂರು ಕಡೆಯವಳು, ಇಸ್ರೇಲಿನಲ್ಲಿ ವಯಸ್ಸಾದ ಒಬ್ಬರನ್ನು ನೋಡಿಕೊಳ್ಳುವ ಕೆಲಸ. ಇಲ್ಲಿ ಈ ಹಬ್ಬಕ್ಕೆ ಶಾವುಓತ್ ಅನ್ನುತ್ತಾರೆ. ಮನೆಮನೆಯಲ್ಲಿ ಹಾಲು, ಬೆಣ್ಣೆ, ಚೀಸಿನ ಅಡುಗೆ. ಎಷ್ಟೋ ಜನ ರಾತ್ರಿಯಿಡೀ ಕೂತು ಧರ್ಮಗ್ರಂಥ ಓದುತ್ತಾರೆ. ಕಿಬ್ಬುತ್ಸ್ ಅನ್ನೋ ಸಾಮೂಹಿಕ ಬೇಸಾಯದ ಊರುಗಳಲ್ಲಿ ಟ್ರ್ಯಾಕ್ಟರ್ ಸಿಂಗರಿಸಿ ಮೆರವಣಿಗೆ ಮಾಡುತ್ತಾರೆ. ಹಣ್ಣು, ತರಕಾರಿ, ಗೋದಿ ತೆನೆ ಎಲ್ಲಾ ಇರುತ್ತದೆ. ಆ ವರ್ಷ ಹುಟ್ಟಿದ ಕೂಸುಗಳನ್ನೂ ಎತ್ತಿ ತೋರಿಸುತ್ತಾರೆ, ಅವೂ ಪ್ರಥಮಫಲ ಅಂತ.

ಹುಬ್ಬಳ್ಳಿ ಬ್ರದರ್, ಬೇಜಾರು ಮಾಡಿಕೊಳ್ಳಬೇಡಿ. ಒಂದು ಜನಾಂಗ ಇವತ್ತಿಗೂ ಖುಷಿಯಿಂದ ಮಾಡೋ ಹಬ್ಬಕ್ಕೆ 'ಬರೀ ನೆರಳು' ಅನ್ನೋದು ನನ್ನ ಬಾಯಲ್ಲಿ ಬರಲ್ಲ.

ಇವರು ಈ ಹಬ್ಬದಲ್ಲಿ ರೂತಳ ಪುಸ್ತಕ ಓದುತ್ತಾರೆ. ಆಕೆ ಮೋವಾಬಿನ ಹೆಂಗಸು, ವಿಧವೆ. ಜವೆಗೋದಿ ಕೊಯ್ಲು ಶುರುವಾಗುವಾಗ ಬೇತ್ಲೆಹೇಮಿಗೆ ಬರುತ್ತಾಳೆ, ಗೋದಿ ಕೊಯ್ಲು ಮುಗಿಯೋ ತನಕ ಹಕ್ಕಲಾಯುತ್ತಾಳೆ (2:23). ಪಸ್ಕದಿಂದ ಈ ಹಬ್ಬದವರೆಗಿನ ಕಾಲವೇ ಅದು. ಟೀಚರ್ ಹೇಳಿದ 22ನೇ ವಚನದಿಂದಲೇ ಆಕೆಯ ಹೊಟ್ಟೆ ತುಂಬಿದ್ದು. ಆಕೆಯ ಹೆಸರು ಮತ್ತಾಯ 1:5ರಲ್ಲಿ ಯೇಸುವಿನ ವಂಶಾವಳಿಯಲ್ಲಿದೆ. ಆ ಅಂಚು ಬಿಡದೇ ಇದ್ದಿದ್ದರೆ?

ಧರ್ಮೋಪದೇಶಕಾಂಡ 16:11 ಕೂಡ ನೋಡಿ. ಈ ಹಬ್ಬದಲ್ಲಿ ಮಕ್ಕಳು, ದಾಸದಾಸಿಯರು, ಲೇವಿಯರು (ದೇವಾಲಯದ ಸೇವೆಯ ಕುಲದವರು), ಪರದೇಶಿ, ಅನಾಥರು, ವಿಧವೆಯರು ಎಲ್ಲರೂ ಜೊತೆಗೆ ಸಂತೋಷ ಪಡಬೇಕು ಅಂತಿದೆ. ಆ ಪರದೇಶಿ ಅಂದರೆ ಇಲ್ಲಿ ನಾನೇ. ಅಜ್ಜಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಊಟ ಮಾಡಿಸಿದರು.

ಹುಬ್ಬಳ್ಳಿ ಬ್ರದರ್:
ಅಕ್ಕ, ಯಾರನ್ನೂ ಹೀಯಾಳಿಸುವ ಉದ್ದೇಶ ನನಗಿಲ್ಲ. ನೆರಳು ಅನ್ನೋ ಮಾತು ಪೌಲನದ್ದು, ನನ್ನದಲ್ಲ. ನನ್ನ ಭಯ ಬೇರೆ. ಕೃತ್ಯಗಳು 2ರಲ್ಲಿ ಗೋದಿ ಇಲ್ಲ, ರೊಟ್ಟಿ ಇಲ್ಲ. ಗಾಳಿ, ಬೆಂಕಿ, ಅನ್ಯಭಾಷೆ, ಪೇತ್ರನ ಪ್ರಸಂಗ, ಪಶ್ಚಾತ್ತಾಪ ಇವೆ. ಪವಿತ್ರಾತ್ಮನ ಬಲವನ್ನು ಪಕ್ಕಕ್ಕಿಟ್ಟು ಬಡವರಿಗೆ ಊಟ ಹಾಕೋದೇ ಪಂಚಾಶತ್ತಮ ಅಂದುಬಿಟ್ಟರೆ ಸಭೆಗೂ ಸೇವಾ ಸಂಸ್ಥೆಗೂ ಏನು ವ್ಯತ್ಯಾಸ? ಆತ್ಮನಿಲ್ಲದೆ ಸಭೆ ಇಲ್ಲ.

ಶಿವಮೊಗ್ಗ ಟೀಚರ್:
ಆತ್ಮನಿಲ್ಲದೆ ಸಭೆ ಇಲ್ಲ, ಖಂಡಿತ. ಆದರೆ ಆತ್ಮ ಬಂದ ಮೇಲೆ ಆ ಜನ ಏನು ಮಾಡಿದರು? ಅದೇ ಅಧ್ಯಾಯ ಮುಂದೆ ಓದಿ. 44-45ರಲ್ಲಿ ನಂಬಿದವರೆಲ್ಲ ತಮ್ಮದನ್ನು ಹಂಚಿಕೊಂಡರು, ಆಸ್ತಿ ಮಾರಿ ಅವರವರ ಅಗತ್ಯಕ್ಕೆ ತಕ್ಕ ಹಾಗೆ ಕೊಟ್ಟರು. 46ರಲ್ಲಿ ಮನೆಮನೆಯಲ್ಲಿ ರೊಟ್ಟಿ ಮುರಿದರು. ರೊಟ್ಟಿ ಇಲ್ಲ ಅಂದಿರಲ್ಲ ಬ್ರದರ್, ಇಲ್ಲಿದೆ. 4:34ರಲ್ಲಿ ಅವರಲ್ಲಿ ಕೊರತೆಯಿದ್ದವರು ಒಬ್ಬರೂ ಇರಲಿಲ್ಲ ಅಂತಿದೆ. ಬೆಂಕಿಯ ನಾಲಿಗೆ ಇಳಿದ ಜನರ ನಡುವೆ ಹೊಲದ ಅಂಚಿನ ಕಟ್ಟಳೆ ಇನ್ನೂ ದೊಡ್ಡದಾಗಿ ನಡೆಯಿತು. ನನ್ನ ಮಾತು ಇಷ್ಟೇ: ಪಂಚಾಶತ್ತಮ ಸುಗ್ಗಿಯನ್ನು ಬಿಸಾಕಲಿಲ್ಲ, ಸುಗ್ಗಿ ಹಬ್ಬ ಕೇಳಿದ್ದನ್ನು ಮಾಡುವ ಬಲ ಕೊಟ್ಟಿತು.

ಪೌಲನನ್ನೇ ತಗೊಳ್ಳಿ. ಕೃತ್ಯಗಳು 20:16ರಲ್ಲಿ ಆತ ಎಫೆಸದಲ್ಲಿ ಇಳಿಯದೆ ಮುಂದೆ ಹೋಗುತ್ತಾನೆ. ಆದರೆ ಪಂಚಾಶತ್ತಮ ದಿನಕ್ಕೆ ಯೆರೂಸಲೇಮಿನಲ್ಲಿ ಇರಬೇಕು ಅಂತ ಅವಸರ. ಕೈಯಲ್ಲಿ ಏನಿತ್ತು? ಮಕೆದೋನ್ಯ, ಅಖಾಯದ ಸಭೆಗಳು ಯೆರೂಸಲೇಮಿನ ಬಡವರಿಗೆ ಅಂತ ಕೂಡಿಸಿದ ಹಣ (ರೋಮ 15:25-26). ಅನ್ಯಜನರ ದುಡಿಮೆ ಯೆಹೂದ್ಯ ಬಡವರಿಗೆ, ಅದೂ ಇದೇ ಹಬ್ಬದ ಹೊತ್ತಿಗೆ. ಹಬ್ಬ ಮುಗಿದು ಹೋದ ನೆರಳು ಆಗಿದ್ದರೆ ಆ ಅವಸರ ಯಾಕೆ?

ಹುಬ್ಬಳ್ಳಿ ಬ್ರದರ್:
ಹಬ್ಬಕ್ಕೆ ಜನ ಸೇರುತ್ತಾರೆ, ಸುವಾರ್ತೆ ಸಾರಬಹುದು ಅಂತ ಹೋಗಿರಬಹುದಲ್ವಾ?

ಶಿವಮೊಗ್ಗ ಟೀಚರ್:
ಇರಬಹುದು. ಆದರೆ ಆತನೇ 24:17ರಲ್ಲಿ ಕಾರಣ ಹೇಳುತ್ತಾನೆ. ನನ್ನ ಜನರಿಗೆ ದಾನ ತರುವುದಕ್ಕೂ ಕಾಣಿಕೆ ಅರ್ಪಿಸುವುದಕ್ಕೂ ಬಂದೆ ಅಂತ. ಆತ ಹೇಳಿದ್ದನ್ನು ಮೊದಲು ತಗೊಳ್ಳೋಣ.

ಧಾರವಾಡ ವಿದ್ಯಾರ್ಥಿ:
ದೇವಶಾಸ್ತ್ರ ಓದುತ್ತಿದ್ದೇನೆ, ಎರಡು ಮಾತು ಸೇರಿಸುತ್ತೇನೆ. ಸೀನಾಯಿ ಬೆಟ್ಟದಲ್ಲಿ ಧರ್ಮಶಾಸ್ತ್ರ ಸಿಕ್ಕ ದಿನವೇ ಈ ಹಬ್ಬ ಅಂತ ಯೆಹೂದ್ಯ ಸಂಪ್ರದಾಯ ಹೇಳುತ್ತದೆ. ಆದರೆ ಮೋಶೆಯ ಪುಸ್ತಕಗಳಲ್ಲಿ ಹಬ್ಬಕ್ಕೆ ಆ ಕಾರಣ ಕೊಟ್ಟಿಲ್ಲ, ಅಲ್ಲಿ ಅದು ಕೊಯ್ಲಿನ ಹಬ್ಬ ಮಾತ್ರ. ಜನ ಸೀನಾಯಿಗೆ ಬಂದದ್ದು ಮೂರನೇ ತಿಂಗಳಲ್ಲಿ (ವಿಮೋಚನಕಾಂಡ 19:1), ಹಬ್ಬ ಬರೋದೂ ಅದೇ ತಿಂಗಳು, ಹಾಗಾಗಿ ಎರಡೂ ಸೇರಿಕೊಂಡವು. ನಮ್ಮ ಪ್ರಸಂಗಗಳಲ್ಲಿ ಸೀನಾಯಿಯ ಬೆಂಕಿ, ಪಂಚಾಶತ್ತಮದ ಬೆಂಕಿ ಅಂತ ಜೋಡಿಸುತ್ತಾರೆ. ಸೀನಾಯಿಯಲ್ಲಿ ಚಿನ್ನದ ಕರುವನ್ನು ಪೂಜಿಸಿದ್ದಕ್ಕೆ ಸುಮಾರು ಮೂರು ಸಾವಿರ ಜನ ಸತ್ತರು, ಇಲ್ಲಿ ಸುಮಾರು ಮೂರು ಸಾವಿರ ಜನ ಸೇರಿದರು ಅಂತಲೂ ಹೇಳುತ್ತಾರೆ. ಚೆನ್ನಾಗಿದೆ. ಆದರೆ ಅದರ ಮೇಲೇ ಎಲ್ಲ ಕಟ್ಟಿದರೆ ಹೊಲ, ರೊಟ್ಟಿ, ಬಡವರು ಮರೆತೇ ಹೋಗುತ್ತಾರೆ.

ದಿನದ ವಿಷಯ. 'ಸಬ್ಬತ್ತಿನ (ವಿಶ್ರಾಂತಿ ದಿನದ) ಮರುದಿನ'ದಿಂದ ಎಣಿಸಿ ಅನ್ನೋದು ಯಾವ ಸಬ್ಬತ್ತು ಅಂತ ಯೆಹೂದ್ಯರ ಎರಡು ಪಂಗಡಗಳ ನಡುವೆ ಹಿಂದೆಯೇ ಜಗಳ ಇತ್ತು. ಸದ್ದುಕಾಯರ ಕಡೆಯವರು ವಾರದ ಸಬ್ಬತ್ತು ಅಂದರು. ಫರಿಸಾಯರು ಪಸ್ಕ ಹಬ್ಬದ ಮೊದಲ ದಿನ ಅಂದರು. ಇವತ್ತಿನ ಯೆಹೂದ್ಯರು ಎರಡನೆಯದನ್ನು ಪಾಲಿಸುತ್ತಾರೆ, ನಾವು ಈಸ್ಟರ್‌ನಿಂದ ಎಣಿಸುತ್ತೇವೆ. ಅದಕ್ಕೇ 2025ರಲ್ಲಿ ಶಾವುಓತ್ ಜೂನ್ 2ಕ್ಕೆ, ನಮ್ಮ ಪಂಚಾಶತ್ತಮ ಜೂನ್ 8ಕ್ಕೆ ಬಂತು.

ಉಡುಪಿಯವ:
ನಮ್ಮೂರಿನ ಮಾತು ಹೇಳಲೇಬೇಕು. ಅಲ್ಲಿ ಗೋದಿ ಕೊಯ್ಲು ಮೇ, ಜೂನ್‌ಗೆ. ನಮ್ಮ ಕರಾವಳಿಯಲ್ಲಿ ಆಗ ಉಳುಮೆಯ ಹೊತ್ತು. ಹಾಗಾಗಿ ಪಂಚಾಶತ್ತಮದಲ್ಲಿ ನಮಗೆ ಸುಗ್ಗಿ ಕಾಣಲ್ಲ. ನಮ್ಮಲ್ಲಿ ಹೊಸ ಭತ್ತದ ತೆನೆ ಆಶೀರ್ವದಿಸೋದು ಕ್ಯಾಥೊಲಿಕ್ಕರ ಮೊಂತಿ ಫೆಸ್ತ್‌ನಲ್ಲಿ, ಸೆಪ್ಟೆಂಬರ್ 8ಕ್ಕೆ. ಮರಿಯಮ್ಮನವರ ಹುಟ್ಟುಹಬ್ಬ. ಒಂದೊಂದು ಮನೆಗೂ ತೆನೆ ಕೊಡುತ್ತಾರೆ. ಮನೆಯಲ್ಲಿ ಅದರ ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಎಲ್ಲರೂ ಕೂತು ತಿನ್ನುತ್ತಾರೆ. ಗದ್ದೆ ಇಲ್ಲದವರಿಗೂ ತೆನೆ ಸಿಗುತ್ತದೆ. ಇದು ನಿಜವಾದ ಪ್ರಥಮಫಲ ಅಂತ ನನಗೆ ಅನಿಸುತ್ತದೆ.

ನಾನು ಪ್ರೊಟೆಸ್ಟೆಂಟ್. ನಮ್ಮ ಸಭೆಯ ಬೆಳೆ ಹಬ್ಬದಲ್ಲಿ ತಂದ ಬಾಳೆಗೊನೆ, ಕುಂಬಳಕಾಯಿ, ಕೋಳಿ ಎಲ್ಲವನ್ನೂ ಹರಾಜು ಹಾಕುತ್ತೇವೆ. ಹಣ ಸಭೆಯ ಖರ್ಚಿಗೆ. ಒಂದು ತೆಂಗಿನಕಾಯಿಗೆ ಸಾವಿರಾರು ರೂಪಾಯಿ ಕೂಗುವವರೂ ಇದ್ದಾರೆ, ಭಕ್ತಿಯಿಂದಲೇ ಕೂಗುತ್ತಾರೆ. ಆದರೆ ಕೂಲಿ ಮಾಡಿ ಬದುಕುವ ಮನೆಯವರು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುತ್ತಾರೆ. ಅವರು ತಂದ ಸೊಪ್ಪಿನ ಕಟ್ಟು ಯಾರ ಕಣ್ಣಿಗೂ ಬೀಳಲ್ಲ. ನನಗೆ ಅದು ಪ್ರತಿ ಸಲ ಚುಚ್ಚುತ್ತದೆ.

ಧಾರವಾಡ ವಿದ್ಯಾರ್ಥಿ:
ಉಡುಪಿ ಅಣ್ಣ, ಈ ಸಂಕಟ ಹಳೇದು. ಯೆಹೂದ್ಯರ ಹಳೇ ಕಟ್ಟಳೆಗಳ ಸಂಗ್ರಹವಾದ ಮಿಶ್ನಾದಲ್ಲಿ ಪ್ರಥಮಫಲದ ಬಗ್ಗೆ ಒಂದು ಭಾಗವೇ ಇದೆ. ರೈತ ತನ್ನ ತೋಟಕ್ಕೆ ಇಳಿದು, ಮೊದಲು ಹಣ್ಣಾಗುತ್ತಿರುವ ಅಂಜೂರ ಕಂಡರೆ ಅದಕ್ಕೆ ನಾರು ಕಟ್ಟಿ 'ಇದು ಪ್ರಥಮಫಲ' ಅನ್ನಬೇಕು. ಆಮೇಲೆ ಊರವರೆಲ್ಲ ಸೇರಿ ಯೆರೂಸಲೇಮಿಗೆ ಹೊರಡುತ್ತಾರೆ. ಮುಂದೆ ಕೊಂಬಿಗೆ ಚಿನ್ನ ಲೇಪಿಸಿದ ಎತ್ತು, ಕೊಳಲು. ಸಾಹುಕಾರರದ್ದು ಬೆಳ್ಳಿ ಬಂಗಾರದ ಬುಟ್ಟಿ, ಬಡವರದ್ದು ಬೆತ್ತದಂಥ ಕಡ್ಡಿಯಲ್ಲಿ ಹೆಣೆದದ್ದು.

ದೇವಾಲಯದಲ್ಲಿ ಬುಟ್ಟಿ ಹಿಡಿದು, ದೇವರು ನಾಡು ಕೊಟ್ಟದ್ದನ್ನು ನೆನೆಯುವ ಧರ್ಮೋಪದೇಶಕಾಂಡ 26ರ ಮಾತು ಹೇಳಬೇಕಿತ್ತು. ಮೊದಮೊದಲು ಬಾಯಿಗೆ ಬರುವವರು ತಾವೇ ಹೇಳುತ್ತಿದ್ದರು, ಬಾರದವರಿಗೆ ಹೇಳಿಕೊಡುತ್ತಿದ್ದರು. ಹೇಳಲು ಬಾರದವರು ನಾಚಿಕೆಪಟ್ಟು ದೇವಾಲಯಕ್ಕೆ ಬರೋದನ್ನೇ ಬಿಟ್ಟರು. ಆಗ ಹೊಸ ಕಟ್ಟಳೆ ಬಂತು: ಬರುವವರಿಗೂ ಬಾರದವರಿಗೂ, ಎಲ್ಲರಿಗೂ ಹೇಳಿಕೊಡಬೇಕು. ಯಾರಿಗೆ ಬರಲ್ಲ ಅಂತ ಗೊತ್ತೇ ಆಗಬಾರದು.

ನೆತನ್ಯಾ ಮಂಗಳೂರು:
ಇದನ್ನು ಓದಿ ಕಣ್ಣು ತುಂಬಿ ಬಂತು. ಹರಾಜಿನಲ್ಲೂ ಇಂಥದ್ದೊಂದು ದಾರಿ ಹುಡುಕಿ ಅಣ್ಣ.

ಹುಬ್ಬಳ್ಳಿ ಬ್ರದರ್:
ಎರಡು ರೊಟ್ಟಿಯ ಅರ್ಥದಲ್ಲಿ ನಾನು ಟೀಚರ್ ಜೊತೆ ಈಗಲೂ ಒಪ್ಪಲ್ಲ. ಎಫೆಸ 2ರಲ್ಲಿ ಯೆಹೂದ್ಯರನ್ನೂ ಅನ್ಯಜನರನ್ನೂ ಕ್ರಿಸ್ತ ಒಂದು ಮಾಡಿದ ಅಂತಿದೆ, ಆ ಬೆಳಕಲ್ಲೇ ಓದುತ್ತೇನೆ. ಮೊದಲು ಆತ್ಮ, ಆಮೇಲೆ ಉಳಿದದ್ದು, ಅದನ್ನೂ ಬಿಡಲ್ಲ. ಆದರೆ ಪೌಲನ ಪ್ರಯಾಣವನ್ನೂ ಆ ಹಣವನ್ನೂ ಒಟ್ಟಿಗೆ ಇಟ್ಟು ನಾನು ಓದಿರಲಿಲ್ಲ. ಈ ವಾರ ನಮ್ಮ ಮನೆಕೂಟದಲ್ಲಿ ಅದನ್ನೇ ತಗೊಳ್ಳುತ್ತೇನೆ.

ಉಡುಪಿಯವ:
ಕಮಿಟಿ ಮುಂದೆ ಎರಡು ವಿಷಯ ಇಡಬೇಕು ಅಂತಿದ್ದೇನೆ. ಹರಾಜಿಗೆ ಮುಂಚೆ ಎಲ್ಲರ ಬುಟ್ಟಿಯನ್ನೂ ಒಟ್ಟಿಗೆ ಎತ್ತಿ ಒಂದೇ ಪ್ರಾರ್ಥನೆ ಮಾಡೋದು. ಬಂದದ್ದರಲ್ಲಿ ಒಂದು ಪಾಲನ್ನು ಹರಾಜಿಗೆ ಹಾಕದೆ, ಊರಿಗೆ ಕೆಲಸಕ್ಕೆ ಬಂದಿರುವ ಹೊರ ರಾಜ್ಯದ ಕೂಲಿಯವರೂ ಸೇರಿ, ಬೇಕಾದವರಿಗೆ ಎತ್ತಿಡೋದು. ಹಣ ಕಮ್ಮಿಯಾಗುತ್ತೆ ಅಂತ ವಾದ ಬರುತ್ತದೆ. ಓದೋದಕ್ಕೆ ಯಾವ ವಾಕ್ಯ ತಗೊಳ್ಳಲಿ?

ಶಿವಮೊಗ್ಗ ಟೀಚರ್:
ಧರ್ಮೋಪದೇಶಕಾಂಡ 26:1ರಿಂದ ಓದಿಸಿ. ಸಾಮಾನ್ಯವಾಗಿ ಬುಟ್ಟಿಯನ್ನು ದೇವರ ಮುಂದೆ ಇಟ್ಟು ನಮಸ್ಕರಿಸುವ 10ನೇ ವಚನಕ್ಕೆ ನಿಲ್ಲಿಸುತ್ತಾರೆ. ನೀವು 11ನ್ನೂ ಓದಿಸಿ, ಲೇವಿಯರೂ ಪರದೇಶಿಗಳೂ ಜೊತೆಗೆ ಸಂತೋಷಪಡಬೇಕು ಅನ್ನೋ ಮಾತು ಅಲ್ಲಿದೆ. ಹಣದ ವಾದ ಬಂದರೆ ಯಾಜಕಕಾಂಡ 23:22 ತೆಗೆದಿಡಿ. ಅಂಚು ಬಿಟ್ಟರೆ ಫಸಲು ಕಮ್ಮಿಯಾಗುತ್ತೆ ಅಂತ ಗೊತ್ತಿದ್ದೇ ಆ ಕಟ್ಟಳೆ ಕೊಟ್ಟದ್ದು.