ಸಹಾಯ ಬೇಕು: ಕೆಚ್ಚಲು ಬಾವಿನ ಹಸುವಿಗೆ ಉಳಿದ ಇಂಜೆಕ್ಷನ್ ಕೊಡಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸುವಿಗೆ ಕೆಚ್ಚಲು ಬಾವು. ಡಾಕ್ಟರು ಐದು ದಿನ ಆಂಟಿಬಯೋಟಿಕ್ ಅಂದಿದ್ದರು. ಮೂರು ದಿನ ಅವರೇ ಕೊಟ್ಟರು, ಈಗ ರಜೆಯಲ್ಲಿದ್ದಾರೆ, ಫೋನ್ ಸಿಗುತ್ತಿಲ್ಲ. ಬಾಟಲಿ ನಮ್ಮಲ್ಲೇ ಇದೆ.

ಬಾವು ಇಳಿದಿದೆ, ಇನ್ಯಾಕೆ ಅಂತಾರೆ ಅಪ್ಪ. ಅರ್ಧಕ್ಕೆ ಬಿಟ್ಟರೆ ಮತ್ತೆ ಬರುತ್ತೆ, ಅಲ್ವಾ? ಆದರೆ ಡೋಸ್‌ನದೇ ಚಿಂತೆ. ಪಕ್ಕದ ಮನೆಯವರು 'ಸುಮ್ನೆ 15 ಎಂಎಲ್ ಹಾಕು' ಅಂತಾರೆ. ಲೇಬಲ್‌ನಲ್ಲಿ ತೂಕದ ಲೆಕ್ಕ ಇದೆ. ಟೇಪ್ ಹಿಡಿದು ಅಳೆದೆ: ಎದೆ ಸುತ್ತಳತೆ 70 ಇಂಚು, ಉದ್ದ 58. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡ್‌ನಲ್ಲಿ ತೂಕ. ಸುಮಾರು 430 ಕೆಜಿ ಬಂತು. ಗಬ್ಬದ ಹಸುವಿಗೂ ಈ ಲೆಕ್ಕ ನಡೆಯುತ್ತಾ? ಕುತ್ತಿಗೆಯ ಮಾಂಸಖಂಡಕ್ಕೆ ಚುಚ್ಚಿ, ಮೊದಲು ಹಿಂದಕ್ಕೆಳೆದು ರಕ್ತ ಬರುತ್ತಾ ನೋಡಬೇಕು ಅಂತ ಗೊತ್ತು. ಕೈ ಮಾತ್ರ ನಡುಗುತ್ತೆ! ಹತ್ತಿರ ಯಾರಾದರೂ ಡಾಕ್ಟರ್ ಇದ್ದರೆ ತಿಳಿಸಿ.

ಇನ್ನೊಂದು, ಹಾಲು. ಡೈರಿಗೆ ಹಾಕದೇ ಇರುವ ದಿನಗಳನ್ನು ಕೊನೆಯ ಇಂಜೆಕ್ಷನ್‌ನಿಂದ ತಾನೇ ಎಣಿಸೋದು? ಕಾಯಿಸಿದರೆ ಔಷಧಿ ಹೋಗುತ್ತೆ ಅನ್ನೋದನ್ನು ನಾನಂತೂ ನಂಬುವುದಿಲ್ಲ. ಆ ಹಾಲನ್ನು ಕರುವಿಗೂ ಕುಡಿಸಬಾರದಾ?

ನೋವಿಗೆ ಡೈಕ್ಲೋಫೆನಾಕ್ ಹೇಳಬೇಡಿ. ಅದನ್ನು ಕೊಟ್ಟ ದನ ಸತ್ತರೆ, ಹೆಣ ತಿಂದ ರಣಹದ್ದುಗಳು ಸಾಯುತ್ತವೆ ಅಂತ 2006ರಲ್ಲೇ ದನಗಳಿಗೆ ನಿಷೇಧವಾಗಿದೆ.

ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಹಾಲಿನ ಸ್ಯಾಂಪಲ್ ಒಯ್ದರೆ ಪರೀಕ್ಷೆ ಮಾಡಿಕೊಡ್ತಾರಾ? ಹೋಗಿಬಂದವರು ಹೇಳಿ. ನಾಳೆ ಬೆಳಗ್ಗೆ ನಾಲ್ಕನೇ ಡೋಸ್ ಕೊಡಬೇಕು.