ವಾಹನಗಳಿಲ್ಲದ ಬೀದಿಗೆ ಮನೆಮಂದಿಯೊಡನೆ: ಬೆಂಗಳೂರಿನಲ್ಲಿ ಎಲ್ಲಿಗೆ, ಯಾವಾಗ ಹೋಗಬೇಕು?

ಪ್ರಶ್ನೆ (ಜಯನಗರದ ಓದುಗರು)

ನಮ್ಮದು ಐವರ ಕುಟುಂಬ. ಅತ್ತೆಯವರಿಗೆ ಎಪ್ಪತ್ತು ದಾಟಿದ್ದು, ಮಂಡಿನೋವಿನಿಂದಾಗಿ ಸ್ವಲ್ಪ ದೂರ ನಡೆದ ಮೇಲೆ ಗಾಲಿಕುರ್ಚಿ ಬೇಕಾಗುತ್ತದೆ. ಮಗಳು ಈಚೆಗಷ್ಟೇ ಸೈಕಲ್ ಕಲಿತಿದ್ದಾಳೆ. ಮಗನದು ಇನ್ನೂ ಕೈ ಹಿಡಿದು ನಡೆಯುವ ವಯಸ್ಸು. ಈ ಮೂವರನ್ನೂ ಒಟ್ಟಿಗೆ ಬೀದಿಗೆ ಕರೆದುಕೊಂಡು ಹೋದರೆ ನಮ್ಮಿಬ್ಬರ ಗಮನವೆಲ್ಲ ಹಿಂದಿನಿಂದ ಬರುವ ಸ್ಕೂಟರುಗಳ ಮೇಲೆಯೇ ಇರುತ್ತದೆ, ಪರಸ್ಪರ ನಾಲ್ಕು ಮಾತನಾಡುವುದಕ್ಕೂ ಆಗುವುದಿಲ್ಲ. ವಾಹನ ಸಂಚಾರ ನಿಲ್ಲಿಸಿದ ದಿನಗಳಲ್ಲಿ ಬೆಂಗಳೂರಿನ ಯಾವ ರಸ್ತೆಗಳು ಇಂತಹ ಕುಟುಂಬಕ್ಕೆ ನಿಜವಾಗಿ ಹೊಂದುತ್ತವೆ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಮನೆಯವರನ್ನು ಗಮನದಲ್ಲಿಟ್ಟುಕೊಂಡು ಹೇಳುವುದಾದರೆ ಮೊದಲ ಆಯ್ಕೆ ಕಬ್ಬನ್ ಪಾರ್ಕಿನ ಭಾನುವಾರ. ವಾರದ ಉಳಿದ ದಿನಗಳಲ್ಲಿ ಹಡ್ಸನ್ ವೃತ್ತದ ಕಡೆಯಿಂದ ಬರುವ ಕಾರು, ಆಟೊಗಳಿಗೆ ಒಳದಾರಿಯಾಗಿರುವ ಉದ್ಯಾನದ ರಸ್ತೆಗಳು ಅಂದು ವಾಹನಗಳಿಗೆ ಮುಚ್ಚಿರುತ್ತವೆ. ಹಬ್ಬವೋ ಮೇಳವೋ ಅಲ್ಲದ ಕಾರಣ ನೂಕುನುಗ್ಗಲು ಇರುವುದಿಲ್ಲ. ಏನನ್ನಾದರೂ ನೋಡಿ ಮುಗಿಸಬೇಕು, ಕೊಳ್ಳಬೇಕು ಎಂಬ ಒತ್ತಾಯವೂ ಇರುವುದಿಲ್ಲ.

ಗಾಲಿಕುರ್ಚಿಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ನಗರದ ಪಾದಚಾರಿ ಮಾರ್ಗಗಳು ಪ್ರತಿ ಗೇಟಿನ ಮುಂದೆಯೂ ಇಳಿದು ಏರುತ್ತವೆ, ನಡುನಡುವೆ ಚಪ್ಪಡಿ ಎದ್ದಿರುತ್ತದೆ, ಕೆಲವೆಡೆ ವಿದ್ಯುತ್ ಪೆಟ್ಟಿಗೆಯೇ ಅಡ್ಡ ನಿಂತಿರುತ್ತದೆ. ಆದ್ದರಿಂದ ಗಾಲಿಕುರ್ಚಿಯಲ್ಲಿರುವವರಿಗೆ ಊರಿನಲ್ಲಿ ದೊರೆಯುವ ಅತ್ಯಂತ ಸಮತಟ್ಟಾದ ನೆಲವೆಂದರೆ ವಾಹನಗಳಿಗಾಗಿಯೇ ಹಾಕಿದ ಡಾಂಬರು. ಆ ನೆಲ ಭಾನುವಾರ ನಿಮ್ಮ ಅತ್ತೆಯವರ ಪಾಲಿಗೆ ಬರುತ್ತದೆ. ಮಗಳ ಸೈಕಲ್ಲಿಗೂ ಅದೇ ರಸ್ತೆ ಸಾಕು. ಮೂರು ತಲೆಮಾರು ಒಂದೇ ಸಾಲಿನಲ್ಲಿ, ಒಬ್ಬರ ಹಿಂದೊಬ್ಬರಲ್ಲದೆ ಪಕ್ಕಪಕ್ಕದಲ್ಲಿ, ಹೋಗುವ ಸುಖ ಬೆಂಗಳೂರಿನಲ್ಲಿ ಬೇರೆಡೆ ಸುಲಭವಾಗಿ ಸಿಗುವುದಿಲ್ಲ.

ದಯವಿಟ್ಟು ಕಾರಿನಲ್ಲಿ ಹೋಗಬೇಡಿ. ನಾವು ಒಂದು ಬೀದಿಯ ನೆಮ್ಮದಿಗಾಗಿ ಪಕ್ಕದ ಬೀದಿಯ ಅಂಚಿನಲ್ಲಿ ಕಾರು ನಿಲ್ಲಿಸಿದರೆ ಅಲ್ಲಿ ನಡೆಯುವವರ ದಾರಿ ಕಟ್ಟಿದಂತಾಗುತ್ತದೆ. ಜಯನಗರದಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಭಾನುವಾರ ಮೆಟ್ರೊ ಸಂಚಾರ ತುಸು ತಡವಾಗಿ ಆರಂಭವಾಗುತ್ತದೆ ಎಂಬುದು ನೆನಪಿರಲಿ. ಬಾಲಭವನ, ಬ್ಯಾಂಡ್‌ಸ್ಟ್ಯಾಂಡ್, ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯ ಇವುಗಳ ನಡುವೆ ನಿಧಾನವಾಗಿ ಸುತ್ತಿದರೂ ಒಂದು ಬೆಳಗು ತುಂಬುತ್ತದೆ. ಚಳಿಗಾಲದಲ್ಲಿ ಹೋದರೆ ಟಬೆಬುಯಾ ಮರಗಳ ಗುಲಾಬಿ ಹೂವು ನೋಡಲು ಸಿಗಬಹುದು.

ಉತ್ತರ 2

ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ಜನಸಂದಣಿ ಇದೆ ಎಂಬ ಕಾರಣಕ್ಕೆ ಹಬ್ಬದ ಬೀದಿಗಳನ್ನು ಪೂರ್ತಿ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುವ ಜನವರಿಯ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರ ನಿಂತು, ರಸ್ತೆಯ ಎರಡೂ ಬದಿ ಚಿತ್ರಗಳ ಸಾಲಾಗುತ್ತದೆ. ಬರೆದವರೇ ಚಿತ್ರದ ಪಕ್ಕ ಕುಳಿತಿರುವುದರಿಂದ ಮಕ್ಕಳು ನೇರವಾಗಿ ಅವರನ್ನೇ ಪ್ರಶ್ನೆ ಕೇಳಬಹುದು. ಕಲಾಶಾಲೆಯ ಬಾಗಿಲು ದಾಟಲು ಹಿಂಜರಿಯುವ ಮನೆಗಳವರೂ ಅಂದು ಸಲೀಸಾಗಿ ಬರುತ್ತಾರೆ. ಬೀದಿಗೆ ಬಾಗಿಲು ಇಲ್ಲ ಎನ್ನುವುದೇ ಅದಕ್ಕೆ ಕಾರಣವೆಂದು ನನಗೆ ತೋರುತ್ತದೆ.

ಬಸವನಗುಡಿಯ ಕಡಲೆಕಾಯಿ ಪರಿಷೆ ನಿಮಗೆ ಇನ್ನೂ ಹತ್ತಿರ. ಕಾರ್ತಿಕ ಮಾಸದ ಕೊನೆಯ ಸೋಮವಾರ, ರೈತರು ದೊಡ್ಡ ಬಸವಣ್ಣನಿಗೆ ಕಡಲೆಕಾಯಿ ಅರ್ಪಿಸುವ ಈ ಜಾತ್ರೆಯಲ್ಲಿ ಬುಲ್ ಟೆಂಪಲ್ ರಸ್ತೆ ನಡೆಯುವವರದಾಗುತ್ತದೆ. ಸುಂಕೇನಹಳ್ಳಿಯ ಹೊಲಗಳ ಕಾಯಿಯನ್ನು ಬಸವ ಮೇಯುತ್ತಿದ್ದ ಕಥೆಯನ್ನು ಅಜ್ಜಿಯೇ ಮೊಮ್ಮಕ್ಕಳಿಗೆ ಅಲ್ಲಿ ಹೇಳಲಿ. ಕಾರುಗಳಿಲ್ಲದ ಬೀದಿ ಎಂಬುದು ಹೊರಗಿನಿಂದ ತಂದ ಹೊಸ ಕಲ್ಪನೆ ಎನ್ನುವವರಿಗೆ ನಾನು ಈ ಪರಿಷೆಯನ್ನೇ ತೋರಿಸುತ್ತೇನೆ. ಸಂಜೆಯ ಸಂದಣಿಯಲ್ಲಿ ಮಾತ್ರ ಗಾಲಿಕುರ್ಚಿ ಮುಂದೆ ಹೋಗುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ. ಅಂಗಡಿಗಳು ಒಂದೆರಡು ದಿನ ಮುಂಚೆಯೇ ಕೂಡಿರುತ್ತವೆ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣ ಸಮೀಪದಲ್ಲಿದೆ. ಮಗನ ಜೇಬಿನಲ್ಲಿ ನಿಮ್ಮ ದೂರವಾಣಿ ಸಂಖ್ಯೆ ಬರೆದ ಚೀಟಿ ಇಡಿ.

ಉತ್ತರ 3

ಚರ್ಚ್ ಸ್ಟ್ರೀಟ್‌ನ ಹೆಸರು ಇಲ್ಲಿ ಬರಲೇಬೇಕು. 2020ರ ನವೆಂಬರ್‌ನಿಂದ 2021ರ ಫೆಬ್ರುವರಿಯವರೆಗೆ ನಗರ ಭೂಸಾರಿಗೆ ನಿರ್ದೇಶನಾಲಯ ವಾರಾಂತ್ಯಗಳಲ್ಲಿ ಆ ಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಟ್ಟಿತ್ತು. ಪುಸ್ತಕದಂಗಡಿಯಿಂದ ಪುಸ್ತಕದಂಗಡಿಗೆ ಮಕ್ಕಳು ನಮ್ಮ ಕೈ ಬಿಟ್ಟು ಓಡಿದ ದಿನಗಳವು. ಆ ಪ್ರಯೋಗ ಕಾಯಂ ಆಗಲಿಲ್ಲ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ. ಅಲ್ಲಿ ಹಾಸಿರುವುದು ಸಣ್ಣ ಕಲ್ಲುಗಳ ನೆಲವಾದ್ದರಿಂದ ಗಾಲಿಕುರ್ಚಿ ಅಲುಗಾಡುತ್ತದೆ ಎಂಬುದನ್ನೂ ಹೇಳಬೇಕು.

ಕೆಲಸದ ನಿಮಿತ್ತ ಬ್ರಸೆಲ್ಸ್‌ನಲ್ಲಿದ್ದಾಗ ಸೆಪ್ಟೆಂಬರಿನ ಕಾರುರಹಿತ ಭಾನುವಾರವನ್ನು ಕಂಡೆ. ಅಲ್ಲಿ ಒಂದು ಬೀದಿಯಲ್ಲ, ಹತ್ತೊಂಬತ್ತು ಪುರಸಭೆಗಳ ಇಡೀ ನಗರ ಪ್ರದೇಶವೇ ಹಗಲೆಲ್ಲ ಖಾಸಗಿ ಕಾರುಗಳಿಲ್ಲದೆ ಇರುತ್ತದೆ. ಬಸ್ಸುಗಳು ಓಡುತ್ತವೆ, ಅಗತ್ಯವಿರುವವರು ಅನುಮತಿ ಪಡೆದು ನಿಧಾನವಾಗಿ ವಾಹನ ಓಡಿಸಬಹುದು. ಇಲ್ಲಿ ಇಂತಹ ಪ್ರಸ್ತಾವ ಬಂದಾಗಲೆಲ್ಲ ಆ ಬೀದಿಯ ರೋಗಿಗಳ, ವೃದ್ಧರ ಗತಿಯೇನು ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅನುಮತಿಯ ಏರ್ಪಾಡನ್ನು ಮೊದಲೇ ಮಾಡಿ ಉತ್ತರಿಸಬೇಕಾದದ್ದು, ಬೀದಿಯನ್ನು ಮತ್ತೆ ಕಾರುಗಳಿಗೆ ಒಪ್ಪಿಸಿ ಅಲ್ಲ.

ಪ್ರಶ್ನಿಸಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ಭಾನುವಾರ ಕಬ್ಬನ್ ಪಾರ್ಕಿಗೆ ಹೋಗುತ್ತೇವೆ. ಚಿತ್ರಸಂತೆಗೆ ಅತ್ತೆಯವರನ್ನು ಕರೆದೊಯ್ಯಲು ಯಾವ ಹೊತ್ತು ಸೂಕ್ತ?

ಉತ್ತರ 2 ಬರೆದವರಿಂದ

ಬೆಳಿಗ್ಗೆಯೇ, ಕಲಾವಿದರು ಚಿತ್ರಗಳನ್ನು ಜೋಡಿಸಿ ಮುಗಿಸುತ್ತಿರುವ ಹೊತ್ತಿಗೆ ಹೋಗಿ. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದವರೆಗೆ ಮೆಟ್ರೊ, ಅಲ್ಲಿಂದ ಶಿವಾನಂದ ವೃತ್ತದ ಬಳಿಗೆ ಆಟೊ ಮಾಡಿಕೊಂಡರೆ ಅವರಿಗೆ ಆಯಾಸವಾಗುವುದಿಲ್ಲ. ಬಿಸಿಲು ಏರುವ ಮೊದಲು ರಸ್ತೆಯ ಒಂದು ಬದಿಯನ್ನು ಮಾತ್ರ ನೋಡಿ. ಜನ ಹೆಚ್ಚಿದ ಮೇಲೆ ಗಾಲಿಕುರ್ಚಿಯೊಡನೆ ಇನ್ನೊಂದು ಬದಿಗೆ ದಾಟುವುದು ಕಷ್ಟ.